ಐದಕ್ಕಿಂತ ಕಡಿಮೆ

ಟ್ಯಾಮ್ಸಿನ್ ಪೆನ್ನು ತೆಗೆದು, ಪರೀಕ್ಷಾ ಫಲಿತಾಂಶದ ಪಟ್ಟಿಯಲ್ಲಿದ್ದ ನಕ್ಷತ್ರದ ಗುರುತನ್ನು ಹೊಡೆದುಹಾಕಿ, ಪಕ್ಕದಲ್ಲಿ ‘1’ ಎಂದು ಬರೆದಳು. ಇಂಗ್ಲೆಂಡಿನ ಲ್ಯಾಂಕಾಷೈರಿನ ಆ ಪುಟ್ಟ ಪಟ್ಟಣದ ಕೌನ್ಸಿಲರುಗಳು ಎತ್ತಿದ ಚಹಾದ ಕಪ್ಪನ್ನು ಹಾಗೇ ಹಿಡಿದು ಕೂತರು.

ಗಣಿತದಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ ಪಡೆದವರು ಇಡೀ ಪ್ರಾಂತ್ಯದಲ್ಲಿ ನೂರಕ್ಕೆ ನಾಲ್ವರು. ಹೆತ್ತವರಿಂದ ದೂರವಾಗಿ ಕೌನ್ಸಿಲ್ಲಿನ ಆರೈಕೆಯಲ್ಲಿ ಬೆಳೆಯುವ ಮಕ್ಕಳ ಸಾಲಿನಲ್ಲಿ ಮಾತ್ರ ಬರೀ ಆ ಗುರುತು. “ಅಂದ್ರೆ ಒಬ್ಬರೂ ಇಲ್ಲ ಅನ್ನಿ,” ಎಂದು ಅಧ್ಯಕ್ಷೆ ಮೌರೀನ್ ಆಗಷ್ಟೇ ನಿಟ್ಟುಸಿರು ಬಿಟ್ಟಿದ್ದರು. ಪಟ್ಟಿ ತಯಾರಿಸಿದ್ದ ಅಧಿಕಾರಿ ಥ್ರೆಲ್‌ಫಾಲ್ ಅಲ್ಲವೆಂದು ತಲೆಯಾಡಿಸಿದ್ದರು. “ಹಾಗಲ್ಲ ಮೌರೀನ್. ಐದಕ್ಕಿಂತ ಕಡಿಮೆ ಇದ್ರೆ ಸಂಖ್ಯೆ ಹಾಕೋ ಹಾಗಿಲ್ಲ. ಮಗು ಯಾರು ಅಂತ ಊರಿಗೆಲ್ಲ ಗೊತ್ತಾಗಿಬಿಡುತ್ತೆ.”

“ಗೊತ್ತಾಗ್ಲಿ ಬಿಡಿ,” ಎಂದಳು ಆ ಮಕ್ಕಳ ಪ್ರತಿನಿಧಿಯಾಗಿ ಸಭೆಗೆ ಬಂದಿದ್ದ ಟ್ಯಾಮ್ಸಿನ್. “ಅದು ನಾನೇ. ಐದು ವರ್ಷದಲ್ಲಿ ಏಳು ಮನೆ ಬದಲಾಯಿಸಿದೀನಿ. ಗಣಿತದ ಪುಸ್ತಕ ಮಾತ್ರ ಎಲ್ಲೂ ಬಿಟ್ಟು ಬರಲಿಲ್ಲ.”

ಮೌರೀನ್ ಕನ್ನಡಕ ತೆಗೆದರು. “ಕಾನೂನಿನ ಪ್ರಕಾರ ನಿನಗೆ ಅಪ್ಪ ಅಮ್ಮ ಅಂತ ಇಲ್ಲಿ ಹನ್ನೊಂದು ಜನ ಕೂತಿದೀವಿ. ಒಬ್ಬರಾದ್ರೂ ರಿಸಲ್ಟ್ ಏನಾಯ್ತಮ್ಮ ಅಂತ ಕೇಳಿದ್ವಾ?” ಅವರು ಆ ಹಾಳೆಯನ್ನು ಎತ್ತಿಕೊಂಡು ಮೂಲೆಗೆ ನಡೆದರು. ಮನೆಗಳಲ್ಲಿ ಮಕ್ಕಳ ಅಂಕಪಟ್ಟಿಯನ್ನು ಅಂಟಿಸುವ ಹಾಗೆಯೇ, ಚಹಾದ ಹಾಲಿಡುವ ಫ್ರಿಜ್ಜಿನ ಬಾಗಿಲಿಗೆ ಅದನ್ನು ಆಯಸ್ಕಾಂತದ ಬಿಲ್ಲೆಯಿಂದ ಅಂಟಿಸಿದರು.

“ಸೊಟ್ಟಗಿದೆ,” ಎಂದಳು ಟ್ಯಾಮ್ಸಿನ್. ಎದ್ದು ಹೋಗಿ ತಾನೇ ನೆಟ್ಟಗೆ ಮಾಡಿ, ಎಲ್ಲರಿಗೂ ಕಾಣಲೆಂದು ಪಕ್ಕಕ್ಕೆ ಸರಿದು ನಿಂತಳು.