ಹೆಸರು ಅಳಿಸುವ ಕೆಲಸ

"ಬದನಿಕಾಯಿ, ಹೀರಿಕಾಯಿ..." ಇಯರ್‌ಫೋನಿನಲ್ಲಿ ಕೇಳಿದ್ದು ತೀರಿಹೋದ ತನ್ನ ಅವ್ವನ ದನಿಯೆಂದು ಚೇತನಾಗೆ ಗೊತ್ತಾಗಲು ಎರಡು ತರಕಾರಿ ಸಾಕಾದವು. ವಿಜಯನಗರದ ಆ ಕಚೇರಿಯಲ್ಲಿ ಅವಳ ಕೆಲಸ ಇಷ್ಟೇ: ವರ್ಷಗಟ್ಟಲೆ ನಡೆದ ಆರೋಗ್ಯ ಅಧ್ಯಯನದ ನೆನಪಿನ ಪರೀಕ್ಷೆಗಳನ್ನು ಕೇಳಿ, ಹೊರಗಿನ ಸಂಶೋಧಕರಿಗೆ ಕೊಡುವ ಮೊದಲು ಅವುಗಳಲ್ಲಿ ಬರುವ ಜನರ ಹೆಸರನ್ನೆಲ್ಲ ಅಳಿಸುವುದು.

"ಇನ್ನೂ ತರಕಾರಿ ಹೇಳಿ ಅಮ್ಮಾ, ಟೈಮಿದೆ," ಎಂದಳು ಪರೀಕ್ಷೆ ಮಾಡುವ ಹುಡುಗಿ.

ಅವ್ವ ತಡವರಿಸಿದಳು. ಕೊನೆಯ ತಿಂಗಳುಗಳಲ್ಲಿ ಅವಳಿಗೆ ಮಗಳ ಗುರುತೇ ಸಿಗುತ್ತಿರಲಿಲ್ಲ, ಬಾಯಿಗೆ ತುತ್ತಿಟ್ಟಾಗಲೂ "ಯಾರವಾ ನೀ?" ಎನ್ನುತ್ತಿದ್ದಳು. ಈ ಪರೀಕ್ಷೆ ನಡೆದದ್ದೂ ಆ ದಿನಗಳಲ್ಲೇ.

"ನೆನಪಿಗೆ ಬರವಲ್ದು," ಎಂದ ಅವ್ವ, ಒಳಮನೆಯತ್ತ ತಿರುಗಿದಂತೆ ದನಿ ಎತ್ತರಿಸಿದಳು. "ಚೇತನಾ, ಏ ಚೇತನಾ, ಮುಂದಿಂದು ನೀನರ ಹೇಳವಾ."

"ಅವರು ಕೆಲಸಕ್ಕೆ ಹೋಗಿದಾರಮ್ಮಾ."

ಚೇತನಾ ರೆಕಾರ್ಡಿಂಗ್ ನಿಲ್ಲಿಸಿದಳು. ಪರದೆಯ ಹತ್ತಿರಕ್ಕೆ ಬಾಗಿ, "ನುಗ್ಗಿಕಾಯಿ, ಅವ್ವಾ," ಎಂದು ಮೆಲ್ಲಗೆ ಹೇಳಿಕೊಟ್ಟಳು. ಆಮೇಲೆ ರೆಕಾರ್ಡಿಂಗನ್ನು ಹಿಂದಕ್ಕೆ ಸರಿಸಿ, ಅವ್ವ ತನ್ನನ್ನು ಕರೆದ ಜಾಗ ಹುಡುಕಿ, ಎರಡು ಕಡೆಯೂ ತನ್ನ ಹೆಸರನ್ನು ಅಳಿಸಿದಳು.