ವಿಮಾನದ ಜಾಮೀನು

ವೆನ್ ತನ್ನ ಯುದ್ಧವಿಮಾನದ ಜೊತೆ ಈ ಮರಳುಗಾಡಿನ ವಾಯುನೆಲೆಗೆ ಜಾಮೀನಾಗಿ ಬಂದಾಗ, ಚೀನಾದಲ್ಲಿ ಅವನ ಮಗಳಿನ್ನೂ ತೊಟ್ಟಿಲಲ್ಲಿದ್ದಳು. ವಿಮಾನ ಮಾರಿದ ಕಂಪೆನಿಯವರೇ ನಾಳೆ ದೂರದಿಂದ ಎಂಜಿನ್ ಬಂದ್ ಮಾಡಿಬಿಟ್ಟರೆ ಎಂದು ಕೊಳ್ಳುವ ದೇಶಗಳಿಗೆಲ್ಲ ಭಯ. ಅದಕ್ಕೇ ಪ್ರತಿ ವಿಮಾನದ ಜೊತೆ ಒಬ್ಬ ಮನುಷ್ಯನನ್ನೂ ಕಳಿಸುತ್ತಾರೆ. ಎಂಜಿನ್ ಬಂದ್ ಮಾಡುವ ಆ ಒಂದೇ ಕೀಲಿಯನ್ನು ಅವನ ಬಲ ಅಂಗೈಯೊಳಗಿಟ್ಟು ಹೊಲಿದಿರುತ್ತಾರೆ. ವಿಮಾನ ಹಾರುವಷ್ಟು ಕಾಲ ಅವನು ಕೊಂಡವರ ನೆಲ ಬಿಟ್ಟು ಹೋಗುವಂತಿಲ್ಲ.

ಬಂದ ಹೊಸತರಲ್ಲಿ, ಕೈಯ ಬ್ಯಾಂಡೇಜು ಬಿಚ್ಚುವವರೆಗೆ, ವೆನ್‌ಗೆ ತುತ್ತು ಕೊಟ್ಟವನು ಕ್ಯಾಂಟೀನಿನ ಅಡುಗೆಯವನು, ಉಳ್ಳಾಲದ ಮೊಯಿದಿನಬ್ಬ. ಇಪ್ಪತ್ತು ವರ್ಷಗಳ ಅವನ ಒಡನಾಟದಲ್ಲಿ ವೆನ್‌ಗೆ ಮಂಗಳೂರು ಕನ್ನಡವೂ ಬಂದುಬಿಟ್ಟಿತ್ತು.

“ಮಗಳು ಇವತ್ತು ಬರ್ತಾಳೆ ಮಾರಾಯ! ಕಂಪೆನಿಯವರೇ ಕಳಿಸುವುದಂತೆ.”

“ನೀರುದೋಸೆ ಮಾಡಿದ್ದೇನೆ. ಅವಳಿಗೆ ಕೋಳಿಸಾರು ಆಗ್ತದಾ?”

“ಗೊತ್ತಿಲ್ಲ ಮಾರಾಯ,” ಎಂದು ವೆನ್ ತಲೆ ತಗ್ಗಿಸಿದ.

ಅಷ್ಟರಲ್ಲಿ ಕ್ಯಾಂಟೀನಿನ ಬಾಗಿಲು ತೆರೆಯಿತು. ಮಗಳ ಜೊತೆ ಬಂದ ಕಂಪೆನಿಯ ಅಧಿಕಾರಿ ವೆನ್‌ನ ಬೆನ್ನು ತಟ್ಟಿದ.

“ನಿಮ್ಮ ವಿಮಾನವನ್ನು ಪಕ್ಕದ ದೇಶ ಕೊಂಡಿತು. ಅವರಿಗಿದ್ದದ್ದು ಒಂದೇ ತಕರಾರು, ನಿಮ್ಮ ವಯಸ್ಸು. ಅದೂ ಬಗೆಹರಿಯಿತು. ನೀವಿನ್ನು ಮನೆಗೆ ಹೋಗಬಹುದು.”

ವೆನ್ ಸಂತೋಷಕ್ಕೆ ಅತ್ತೇಬಿಟ್ಟ. ಮಗಳ ಎರಡೂ ಕೈ ಹಿಡಿಯಲು ಮುಂದೆ ಹೋದ. ಅವಳು ಎಡಗೈಯನ್ನು ಮಾತ್ರ ಚಾಚಿದಳು. ಬಲ ಅಂಗೈಗೆ ಬಿಳಿಯ ಬ್ಯಾಂಡೇಜು ಸುತ್ತಿತ್ತು.

ಮೊಯಿದಿನಬ್ಬ ಹುಡುಗಿಗೆಂದು ಬಡಿಸಿದ್ದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಎಡಗೈಯಲ್ಲೂ ತಿನ್ನಲು ಬರುವಂತೆ ದೋಸೆಯನ್ನು ಸಣ್ಣ ಸಣ್ಣ ಚೂರು ಮಾಡತೊಡಗಿದ.