ಗಡಿಕಲ್ಲಿನ ಅರ್ಧ ಸುತ್ತು

"ಮೆಲ್ಲಗೆ, ಬೆರಳು ಜೋಪಾನ," ಎಂದ ಗಾರೆ ಮೇಸ್ತ್ರಿ. ಮಳೆಗೆ ಉರುಳಿದ್ದ ಗಡಿಕಲ್ಲನ್ನು ಎರಡು ದೇಶದ ಇಬ್ಬರು ಸಿಪಾಯಿಗಳು, ತಂತಮ್ಮ ನೆಲದಲ್ಲೇ ನಿಂತು, ತಬ್ಬಿ ಎತ್ತಿ ಗುಂಡಿಗೆ ಇಳಿಸಿದರು. ಒಂದೇ ಕಡೆಯವರು ಮುಟ್ಟಿದರೆ ಯುದ್ಧವೇ ಆದೀತೆಂದು ಈ ಏರ್ಪಾಡು. ಇಬ್ಬರ ಬೆನ್ನ ಹಿಂದೆಯೂ ಬಂದೂಕುಗಳು ಕಾಯುತ್ತಿದ್ದವು.

ಮೇಸ್ತ್ರಿ ಹಣೆ ಚಚ್ಚಿಕೊಂಡ. "ಕಲ್ಲು ಹಿಂದುಮುಂದಾಗಿದೆಯಲ್ರಪ್ಪ. ಇವರ ಲಾಂಛನ ಅವರ ಕಡೆಗಿದೆ, ಅವರದು ಇವರ ಕಡೆಗೆ. ಅರ್ಧ ಸುತ್ತು ತಿರುಗಿಸಿ."

ಹಿಡಿತ ಬಿಡದೆ ಇಬ್ಬರೂ ಕಲ್ಲಿನ ಜೊತೆಗೇ ಸುತ್ತಿದರು. ಮೇಸ್ತ್ರಿ ಬುಡಕ್ಕೆ ಗಾರೆ ತುಂಬಿ ತಲೆಯೆತ್ತಿದಾಗ ಎರಡೂ ಕಡೆಯ ಬಂದೂಕುಗಳು ಮೇಲೆದ್ದಿದ್ದವು. ಕಲ್ಲು ಸರಿಯಾಗಿತ್ತು, ಸಿಪಾಯಿಗಳು ಅದಲುಬದಲಾಗಿದ್ದರು. ಒಬ್ಬೊಬ್ಬನೂ ನಿಂತಿದ್ದದ್ದು ವೈರಿಯ ನೆಲದಲ್ಲಿ.

"ಗಾರೆ ಇನ್ನೂ ಹಸಿ," ಮೇಸ್ತ್ರಿ ಎರಡೂ ಕಡೆಗೆ ಕೇಳುವಂತೆ ಕೂಗಿದ. "ನಿಮ್ಮ ಕಡೆ ನಿಂತು ಹಿಡಿದಿರೋನನ್ನ ಹೊಡೆದ್ರೆ ಆಸರೆ ತಪ್ಪಿ ಕಲ್ಲು ನಿಮ್ಮ ಕಡೆಗೇ ವಾಲುತ್ತೆ. ಆಮೇಲೆ ನೆಲ ಹೋಯ್ತು ಅಂತ ನನ್ನ ಬೈಬೇಡಿ."

ಬಂದೂಕುಗಳು ಇಳಿಯಲಿಲ್ಲ. ಕಿರಿಯ ಸಿಪಾಯಿ ಕಲ್ಲಿಗೆ ಕೆನ್ನೆಯೊತ್ತಿ ಎದುರಿನವನಿಗೆ ಪಿಸುಗುಟ್ಟಿದ: "ಅಣ್ಣಾ, ನೀನು ನಿನ್ನ ಕಡೆ ಓಡಿಹೋದ್ರೆ ಇವರು ನನಗೆ ಗುಂಡು ಹೊಡೀತಾರೆ."

"ಗೊತ್ತು ತಮ್ಮ, ಓಡಲ್ಲ," ಎಂದ ವೈರಿ. "ಗಾರೆ ಒಣಗಲಿ."